ಮೂವತ್ತೆರಡರಲ್ಲಿ ನಾಲ್ಕು ಕಳೆದರೆ

ಹಲ್ಲು ಕೀಳಿಸುವುದೆಂದರೆ ನಮ್ಮ ಕಾಲದಲ್ಲಿ ಒಂದೇ ಅರ್ಥವಿತ್ತು. ಹಲ್ಲು ಹುಳುಕಾಗಿ, ಕೆನ್ನೆ ಊದಿ, ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯೂ ಸೋತ ಮೇಲೆ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋಗುವುದು, ಕೀಳಿಸಿಕೊಂಡು ಬಾಯಿಗೆ ಕರವಸ್ತ್ರ ಒತ್ತಿ ಹಿಂತಿರುಗುವುದು. ನೋವಿಲ್ಲದ ಹಲ್ಲನ್ನು ಯಾರಾದರೂ ಕೀಳಿಸಿಕೊಂಡಾರೆಂದು ಆಗ ಹೇಳಿದ್ದರೆ ಅಲೀಪುರದ ಜನ ನಕ್ಕುಬಿಡುತ್ತಿದ್ದರು. ಈಗ ಕಾಲ ಬದಲಾಗಿದೆ. ಹನ್ನೆರಡು ಹದಿಮೂರು ವರ್ಷದ ಮಕ್ಕಳು ಹಲ್ಲಿಗೆ ‘ಕ್ಲಿಪ್’ ಹಾಕಿಸಿಕೊಂಡು ಶಾಲೆಗೆ ಬರುವುದು ನಮ್ಮ ಕಡೆಯೂ ಸಾಮಾನ್ಯವಾಗಿದೆ. ಆ ಕ್ಲಿಪ್ಪಿಗೆ ಮೊದಲು ಕೆಲವು ಮಕ್ಕಳಿಗೆ ಗಟ್ಟಿಮುಟ್ಟಾದ ನಾಲ್ಕು ಹಲ್ಲುಗಳನ್ನು ಕೀಳಬೇಕೆಂದು ವೈದ್ಯರು ಹೇಳುತ್ತಾರೆ. ತಾಯಿತಂದೆಯರು ಬೆಚ್ಚಿಬೀಳುವುದು ಅಲ್ಲಿಯೇ.

ಹರಳು ಕಲ್ಲುಗಳ ವ್ಯಾಪಾರದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳಿಗೂ ಹೀಗೆಯೇ ಆಯಿತು. ಒಬ್ಬ ದಂತವೈದ್ಯರು ನಾಲ್ಕು ಹಲ್ಲು ಹೋಗಲೇಬೇಕೆಂದರು. ಇನ್ನೊಬ್ಬರು ಒಂದನ್ನೂ ಮುಟ್ಟಬೇಕಾಗಿಲ್ಲ, ದವಡೆಯನ್ನು ಸ್ವಲ್ಪ ಅಗಲ ಮಾಡಿ ಎಲ್ಲವನ್ನೂ ಕೂರಿಸಬಹುದೆಂದರು. ಅವನು ದೂರವಾಣಿಯಲ್ಲಿ ಕೇಳಿದ ಪ್ರಶ್ನೆ ನೇರವಾಗಿತ್ತು: “ಮೇಷ್ಟ್ರೇ, ನಮಗೆ ವಿಜ್ಞಾನ ಹೇಳಿಕೊಟ್ಟವರು ನೀವು. ಈ ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?” ಇಬ್ಬರೂ ಸುಳ್ಳು ಹೇಳುತ್ತಿಲ್ಲವೆಂದು ನಾನು ಹೇಳಿದಾಗ ಅವನಿಗೆ ಸಮಾಧಾನವಾಗಲಿಲ್ಲ. ಆದರೆ ವಿಷಯವಿರುವುದೇ ಹಾಗೆ. ಈ ಇಬ್ಬರು ವೈದ್ಯರ ನಡುವಿನ ಭಿನ್ನಾಭಿಪ್ರಾಯಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಗುರುವೊಬ್ಬನ ಹಟ, ಎದುರಾಳಿಯ ತಾಳ್ಮೆ, ಶಿಷ್ಯರಿಬ್ಬರ ಬಂಡಾಯ ಎಲ್ಲವೂ ಅದರಲ್ಲಿವೆ. ನಾನು ದಂತವೈದ್ಯನಲ್ಲ. ಕುತೂಹಲದಿಂದ ಓದಿ ತಿಳಿದುಕೊಂಡದ್ದನ್ನು, ನಿಮ್ಮಲ್ಲಿ ಹಲವರು ಈಗ ಆ ವಯಸ್ಸಿನ ಮಕ್ಕಳ ತಂದೆತಾಯಿಯರಾಗಿರುವುದರಿಂದ, ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹಳೆಯ ಪಾಠವೊಂದನ್ನು ನೆನಪಿಸಿಕೊಳ್ಳೋಣ. ಬಾಯಿಯ ನಡುವಿನಿಂದ ಹಿಂದಕ್ಕೆ ಎಣಿಸುತ್ತ ಹೋದರೆ ಪ್ರತಿಯೊಂದು ಬದಿಯಲ್ಲೂ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ಮುಂದವಡೆ ಹಲ್ಲು, ಮೂರು ಹಿಂದವಡೆ ಹಲ್ಲು, ಒಟ್ಟು ಎಂಟು. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸೇರಿ ಮೂವತ್ತೆರಡು. ವೈದ್ಯರು ಸಾಮಾನ್ಯವಾಗಿ ಕೀಳಬೇಕೆನ್ನುವುದು ಮೊದಲ ಮುಂದವಡೆ ಹಲ್ಲುಗಳನ್ನು, ಅಂದರೆ ನಡುವಿನಿಂದ ನಾಲ್ಕನೆಯದನ್ನು. ಅದರ ಅಗಲ ಸುಮಾರು 7 ಮಿಲಿಮೀಟರ್. ಎರಡು ಬದಿಯಲ್ಲೂ ಒಂದೊಂದು ತೆಗೆದರೆ ಒಂದು ದವಡೆಯಲ್ಲಿ ಸುಮಾರು 14 ಮಿಲಿಮೀಟರ್ ಜಾಗ ಸಿಗುತ್ತದೆ. ಒತ್ತೊತ್ತಾಗಿ ಒಂದರ ಮೇಲೊಂದು ಏರಿರುವ ಬಾಚಿಹಲ್ಲುಗಳನ್ನು ಸಾಲಿಗೆ ತರಲು, ಹೊರಗೆ ತಳ್ಳಲ್ಪಟ್ಟ ಕೋರೆಹಲ್ಲನ್ನು ಒಳಗೆ ಎಳೆಯಲು ಅಥವಾ ಉಬ್ಬುಹಲ್ಲನ್ನು ಹಿಂದಕ್ಕೆ ಸರಿಸಲು ಆ ಜಾಗ ಬೇಕು.

ಎಲುಬಿನಲ್ಲಿ ನಾಟಿರುವ ಹಲ್ಲು ಸರಿಯುವುದಾದರೂ ಹೇಗೆ? ಹಲ್ಲನ್ನು ಮೆಲ್ಲಗೆ ಒತ್ತುತ್ತ ಬಂದರೆ ಒತ್ತಡ ಬೀಳುವ ಬದಿಯ ಎಲುಬು ಕರಗುತ್ತದೆ, ಹಿಂದೆ ಬಿಟ್ಟ ಬದಿಯಲ್ಲಿ ಹೊಸ ಎಲುಬು ಕಟ್ಟುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ನಾಯಿಯ ಹಲ್ಲಿನ ಮೇಲೆ ಪ್ರಯೋಗ ಮಾಡಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಇದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟನು. ಹಲ್ಲು ಸರಿಯುತ್ತದೆಂಬುದು ಅದಕ್ಕಿಂತ ಬಹಳ ಹಿಂದೆಯೇ ಜನರ ಅನುಭವಕ್ಕೆ ಬಂದಿತ್ತು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಸೆಲ್ಸಸ್, ಹಾಲುಹಲ್ಲು ಬೀಳುವ ಮೊದಲೇ ಹೊಸ ಹಲ್ಲು ಅಡ್ಡ ಬಂದರೆ ಹಾಲುಹಲ್ಲನ್ನು ಕಿತ್ತು, ಹೊಸದನ್ನು ದಿನವೂ ಬೆರಳಿನಿಂದ ಒತ್ತುತ್ತಿರಬೇಕೆಂದು ಬರೆದಿದ್ದಾನೆ. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಷಾರ್ ಲೋಹದ ಪಟ್ಟಿಗೆ ದಾರದಿಂದ ಹಲ್ಲುಗಳನ್ನು ಬಿಗಿದು ಸಾಲಿಗೆ ತರುವ ಕ್ರಮವನ್ನು ತನ್ನ ಪುಸ್ತಕದಲ್ಲಿ ವಿವರಿಸಿದನು. ಇಷ್ಟಾದರೂ ಇದೊಂದು ಶಾಸ್ತ್ರವೆನಿಸಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಅಮೆರಿಕದಲ್ಲಿ. ನಮ್ಮ ಕಥೆ ಆರಂಭವಾಗುವುದೂ ಅಲ್ಲಿಯೇ.

ಎಡ್ವರ್ಡ್ ಆ್ಯಂಗಲ್ (1855–1930) ಈ ಶಾಸ್ತ್ರದ ಪಿತಾಮಹನೆನಿಸಿದವನು. ವಕ್ರದಂತಗಳನ್ನು ಮೂರು ವರ್ಗಗಳಾಗಿ ಅವನು ವಿಂಗಡಿಸಿದ್ದು 1899ರಲ್ಲಿ. ಇಂದಿಗೂ ದಂತವೈದ್ಯರು ಚೀಟಿಯಲ್ಲಿ ಬರೆಯುವುದು ಅದೇ ವರ್ಗೀಕರಣವನ್ನು. 1900ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಈ ವಿದ್ಯೆಗೆಂದೇ ಒಂದು ಶಾಲೆಯನ್ನು ತೆರೆದನು. ಅವನ ಕಾಲದ ಸಾಮಾನ್ಯ ದಂತವೈದ್ಯರು ಅಡ್ಡ ಬಂದ ಹಲ್ಲನ್ನು ಕಿತ್ತೆಸೆದು ಕೈತೊಳೆದುಕೊಳ್ಳುತ್ತಿದ್ದರು. ಉಳಿದ ಹಲ್ಲುಗಳು ಆ ಖಾಲಿ ಜಾಗಕ್ಕೆ ವಾಲಿಕೊಂಡು ಮೇಲಿನ ಸಾಲು ಕೆಳಗಿನ ಸಾಲಿಗೆ ಕೂಡದೆ ಅಗಿಯುವುದೇ ಕಷ್ಟವಾಗುತ್ತಿತ್ತು. ಇದನ್ನು ಕಂಡು ರೋಸಿದ ಮನುಷ್ಯ ಆ್ಯಂಗಲ್. ಅವನ ಹಟದ ಹಿಂದೆ ಈ ನ್ಯಾಯವಾದ ಸಿಟ್ಟು ಇತ್ತೆಂಬುದನ್ನು ಮರೆಯಬಾರದು. ಮೊದಮೊದಲು ಕೆಲವು ಪ್ರಸಂಗಗಳಲ್ಲಿ ಹಲ್ಲು ತೆಗೆಯುವುದನ್ನು ಅವನೂ ಒಪ್ಪಿದ್ದನು. 1907ರಲ್ಲಿ ತನ್ನ ಪ್ರಸಿದ್ಧ ಗ್ರಂಥದ ಏಳನೆಯ ಆವೃತ್ತಿ ಬರುವ ಹೊತ್ತಿಗೆ ಮಾತ್ರ ಸಂಪೂರ್ಣ ಬದಲಾಗಿದ್ದನು. ಪ್ರಕೃತಿ ಕೊಟ್ಟ ಮೂವತ್ತೆರಡೂ ಹಲ್ಲುಗಳು ಬಾಯಲ್ಲಿ ಇರಬೇಕು. ಅವೆಲ್ಲವನ್ನೂ ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ಮುಖದ ಸೌಂದರ್ಯ ತಾನಾಗಿಯೇ ಬರುತ್ತದೆ. ಸರಿಯಾಗಿ ಅಗಿಯತೊಡಗಿದರೆ ಎಲುಬು ಬೆಳೆದು ಹಲ್ಲುಗಳಿಗೆ ಜಾಗ ಮಾಡಿಕೊಡುತ್ತದೆ. ಇದು ಅವನ ಸಿದ್ಧಾಂತ. ಬಳಸಿದಂತೆ ಎಲುಬಿನ ರಚನೆ ಮಾರ್ಪಡುತ್ತದೆಂಬ ಜರ್ಮನಿಯ ವುಲ್ಫ್‌ನ ನಿಯಮ ಆಗ ಹೊಸದು. ಆ್ಯಂಗಲ್ಲನಿಗೆ ಅದು ಒದಗಿಬಂದಿತು.

ಸುಂದರ ಮುಖ ಯಾವುದೆಂಬ ಪ್ರಶ್ನೆಗೆ ಅವನು ಕಂಡುಕೊಂಡ ಮೊದಲ ಮಾದರಿ ಅಪೊಲೊ ದೇವತೆಯ ಪುರಾತನ ಶಿಲ್ಪ. ವರ್ಪಲ್ ಎಂಬ ಚಿತ್ರಕಲಾ ಶಿಕ್ಷಕನೊಬ್ಬ ಅವನಿಗೆ ಸ್ನೇಹಿತ. ಸೌಂದರ್ಯಕ್ಕೊಂದು ಸೂತ್ರ ಕೊಡೆಂದು ಆ್ಯಂಗಲ್ ಕೇಳಿದಾಗ, ಮನುಷ್ಯರ ಮುಖಗಳು ಇಷ್ಟೊಂದು ಬಗೆಯಾಗಿರುವಾಗ ಎಲ್ಲಕ್ಕೂ ಒಂದೇ ಆದರ್ಶ ಹೇಗೆ ಸಾಧ್ಯವೆಂದು ಕಲಾವಿದ ಸರಿಯಾಗಿಯೇ ಹೇಳಿದನು. ಆ್ಯಂಗಲ್ ಅದರಿಂದ ತೆಗೆದುಕೊಂಡ ಪಾಠ ಬೇರೆ. ಹಾಗಾದರೆ ಮುಖದ ಚಿಂತೆಯೇ ಬೇಡ, ಎಲ್ಲ ಹಲ್ಲುಗಳನ್ನೂ ಕೂಡಿಸಿಬಿಟ್ಟರೆ ಆಯಾ ಮುಖಕ್ಕೆ ಒಪ್ಪುವ ಸೌಂದರ್ಯ ಬಂದೇ ಬರುತ್ತದೆಂದು ನಂಬಿದನು. ವಾದದ ಇಡೀ ಎಳೆ ಇಲ್ಲಿ ಒಂದು ಹೆಜ್ಜೆ ಹಾರಿದೆಯೆಂದು ನನಗನಿಸುತ್ತದೆ. ಒಳ್ಳೆಯ ಪ್ರಶ್ನೆ ಕೇಳಿ, ಒಳ್ಳೆಯ ಉತ್ತರವನ್ನೂ ಪಡೆದು, ತನಗೆ ಮೊದಲೇ ಬೇಕಾಗಿದ್ದ ತೀರ್ಮಾನಕ್ಕೆ ಬಂದು ನಿಂತ ಜಾಣರನ್ನು ನಾವು ಬೇರೆ ಕ್ಷೇತ್ರಗಳಲ್ಲೂ ಕಂಡಿದ್ದೇವೆ.

ಅವನನ್ನು ಎದುರಿಸಿದವನು ಷಿಕಾಗೋದ ಕ್ಯಾಲ್ವಿನ್ ಕೇಸ್ (1847–1923). ವಯಸ್ಸಿನಲ್ಲಿ ಆ್ಯಂಗಲ್‌ಗಿಂತ ಹಿರಿಯ. 1911ರಲ್ಲಿ ಅಮೆರಿಕದ ರಾಷ್ಟ್ರೀಯ ದಂತವೈದ್ಯ ಸಂಘದ ಸಭೆಯಲ್ಲಿ ಹಲ್ಲು ಕೀಳುವ ಪ್ರಶ್ನೆಯನ್ನೇ ಕುರಿತು ಅವನೊಂದು ಪ್ರಬಂಧ ಓದಿದನು. ಎಲ್ಲರ ಹಲ್ಲನ್ನೂ ಕೀಳಿರೆಂದು ಕೇಸ್ ಹೇಳಲಿಲ್ಲ. ತನ್ನ ರೋಗಿಗಳಲ್ಲಿ ಕೆಲವರಿಗೆ ಮಾತ್ರ ಅವನು ಕೀಳುತ್ತಿದ್ದನು. ದವಡೆಯ ಗಾತ್ರವನ್ನೂ ಹಲ್ಲಿನ ಗಾತ್ರವನ್ನೂ ನಾವು ಹಿರಿಯರಿಂದ ಪಡೆಯುತ್ತೇವೆ, ಅವು ಒಂದಕ್ಕೊಂದು ಹೊಂದಲೇಬೇಕೆಂಬ ನಿಯಮವಿಲ್ಲ. ಎಲ್ಲ ಹಲ್ಲುಗಳನ್ನು ಸಾಲಾಗಿ ಕೂಡಿಸಿದ ಮೇಲೂ ಬಾಯಿ ಮುಂದಕ್ಕೆ ಉಬ್ಬಿ ಮುಖ ಕೆಡಬಹುದು. ಆದ್ದರಿಂದ ಮೊದಲು ಮುಖವನ್ನು ನೋಡಿ, ಆಮೇಲೆ ಹಲ್ಲನ್ನು ನೋಡಿ ಎಂಬುದು ಅವನ ವಾದದ ತಿರುಳು. ಆ್ಯಂಗಲ್ಲನ ಪಕ್ಷ ವಹಿಸಿ ಮಾತಾಡಿದವನು ಅವನಲ್ಲಿ ಕಲಿತ ಮಾರ್ಟಿನ್ ಡ್ಯೂಯಿ. ಚರ್ಚೆ ಬಿಸಿಯಾಯಿತು, ಮುದ್ರಣಗೊಂಡಿತು, ವೈದ್ಯರೆಲ್ಲ ಓದಿದರು. ಮುಂದಿನ ಇಪ್ಪತ್ತೈದು ವರ್ಷ ಗೆದ್ದದ್ದು ಆ್ಯಂಗಲ್ಲನ ಪಕ್ಷ. ಗೆದ್ದದ್ದಕ್ಕೆ ಕಾರಣ ವಾದದ ಬಲವಲ್ಲ. ಶಾಲೆ ಆ್ಯಂಗಲ್ಲನದು, ಪಠ್ಯಪುಸ್ತಕ ಅವನದು, ಶಿಷ್ಯರು ಅವನವರು. ತಂತಿ ಮತ್ತು ಪಟ್ಟಿಯ ಉಪಕರಣಗಳೂ ಅವನು ರೂಪಿಸಿದವು. ಕೇಸ್ 1923ರಲ್ಲಿ ಸೋತವನಾಗಿಯೇ ತೀರಿಕೊಂಡನು.

ಆ್ಯಂಗಲ್ಲನ ಕೋಟೆಗೆ ಒಳಗಿನಿಂದ ಬಿರುಕು ಬಿಟ್ಟಿತು. ಅರಿಜೋನದ ಚಾರ್ಲ್ಸ್ ಟ್ವೀಡ್ (1895–1970) ಗುರುವಿನ ಕೊನೆಯ ವರ್ಷಗಳಲ್ಲಿ ಅವನಿಗೆ ತೀರ ಹತ್ತಿರವಿದ್ದವನು. ಗುರು ರೂಪಿಸಿದ ಕೊನೆಯ ಉಪಕರಣವನ್ನು ಪ್ರಚಾರ ಮಾಡಲು ಜೀವನವನ್ನೇ ಮುಡಿಪಾಗಿಟ್ಟನು. 1930ರಲ್ಲಿ ಆ್ಯಂಗಲ್ ತೀರಿಕೊಂಡ ಮೇಲೂ ಹಲವು ವರ್ಷ ಒಂದು ಹಲ್ಲನ್ನೂ ಕೀಳದೆ ನಿಷ್ಠೆಯಿಂದ ಚಿಕಿತ್ಸೆ ಮಾಡಿದನು. ಆಮೇಲೆ ಅವನೊಂದು ಕೆಲಸ ಮಾಡಿದನು. ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಅದೇ. ತಾನು ಚಿಕಿತ್ಸೆ ಮುಗಿಸಿ ಕಳುಹಿಸಿದ್ದ ರೋಗಿಗಳ ದಾಖಲೆಗಳನ್ನು ಹೊರತೆಗೆದು ಗೆದ್ದವೆಷ್ಟು, ಸೋತವೆಷ್ಟೆಂದು ಕುಳಿತು ನೋಡಿದನು. ಬಹಳಷ್ಟು ಬಾಯಿಗಳಲ್ಲಿ ಹಲ್ಲುಗಳು ಮತ್ತೆ ಅಡ್ಡಾದಿಡ್ಡಿಯಾಗಿದ್ದವು. ಹಲವರ ಬಾಯಿ ಮೊದಲಿಗಿಂತ ಮುಂದಕ್ಕೆ ಉಬ್ಬಿತ್ತು. ಚೆನ್ನಾಗಿ ಉಳಿದ ಬಾಯಿಗಳಲ್ಲೆಲ್ಲ ಒಂದು ಸಾಮಾನ್ಯ ಲಕ್ಷಣ ಅವನ ಕಣ್ಣಿಗೆ ಬಿತ್ತು: ಕೆಳಗಿನ ಬಾಚಿಹಲ್ಲುಗಳು ತಮ್ಮ ಎಲುಬಿನ ಮೇಲೆ ನೆಟ್ಟಗೆ ನಿಂತಿದ್ದವು. ಸೋತವುಗಳಲ್ಲಿ ಅವು ಮುಂದಕ್ಕೆ ವಾಲಿದ್ದವು. ಜಾಗವಿಲ್ಲದ ಕಡೆ ಎಲ್ಲವನ್ನೂ ತುರುಕಿದರೆ ಮುಂದಕ್ಕೆ ವಾಲದೆ ಇನ್ನೇನಾದೀತು?

ಸೋತ ಆ ರೋಗಿಗಳನ್ನೇ ಮರಳಿ ಕರೆದು, ನಾಲ್ಕು ಮೊದಲ ಮುಂದವಡೆ ಹಲ್ಲುಗಳನ್ನು ತೆಗೆಸಿ ಟ್ವೀಡ್ ಎರಡನೆಯ ಬಾರಿ ಚಿಕಿತ್ಸೆ ಮಾಡಿದನು. ಮೊದಲು ಕೀಳದೆ, ಆಮೇಲೆ ಕಿತ್ತು ಚಿಕಿತ್ಸೆ ಮಾಡಿದ ನೂರು ಮಂದಿಯ ದಾಖಲೆಗಳನ್ನು 1940ರಲ್ಲಿ ಸಹೋದ್ಯೋಗಿಗಳ ಮುಂದೆ ಇಟ್ಟನು. ಗುರುಭಾಯಿಗಳಿಗೆ ಸಹಿಸಲಾಗದ ಕೋಪ ಬಂದಿತು. ಗುರುದ್ರೋಹಿಯೆಂಬಂತೆ ಅವನನ್ನು ಕಂಡರು. ಆದರೆ ಒಂದೇ ಬಾಯಿಯ ಎರಡು ಅಚ್ಚುಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟಾಗ ವಾದಕ್ಕೆ ಹೆಚ್ಚು ಅವಕಾಶವಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅಮೆರಿಕದ ವೈದ್ಯರು ದೊಡ್ಡ ಸಂಖ್ಯೆಯಲ್ಲಿ ಟ್ವೀಡನ ಕಡೆಗೆ ಬಂದರು.

ಇನ್ನೊಬ್ಬ ಶಿಷ್ಯ ರೇಮಂಡ್ ಬೆಗ್ (1898–1983). ಆಸ್ಟ್ರೇಲಿಯಾದಿಂದ ಹಡಗು ಹತ್ತಿ ಹೋಗಿ 1924–25ರಲ್ಲಿ ಆ್ಯಂಗಲ್ಲನ ಬಳಿ ಕಲಿತು ಅಡಿಲೇಡಿಗೆ ಹಿಂತಿರುಗಿದನು. ಗುರು ಹೇಳಿದಂತೆ ಹಲ್ಲು ಕೀಳದೆ ಕೆಲಸ ಮಾಡಿ, ಹಲ್ಲುಗಳು ಮತ್ತೆ ವಕ್ರವಾಗುವುದನ್ನು ಕಂಡು, ಟ್ವೀಡ್‌ಗಿಂತಲೂ ಮುಂಚೆ, 1928ರಲ್ಲಿಯೇ ಕೀಳಲು ತೊಡಗಿದನು. ಭೂಗೋಳದ ಎರಡು ತುದಿಗಳಲ್ಲಿ ಒಬ್ಬನೇ ಗುರುವಿನ ಇಬ್ಬರು ಶಿಷ್ಯರು ಬೇರೆ ಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದದ್ದು ಗಮನಿಸಬೇಕಾದ ಸಂಗತಿ. ಬೆಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾರಣವನ್ನೂ ಹುಡುಕಿದನು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಹಳೆಯ ತಲೆಬುರುಡೆಗಳನ್ನು ಪರೀಕ್ಷಿಸಿದಾಗ ಅವರ ಹಲ್ಲುಗಳು ಮೇಲ್ಭಾಗದಲ್ಲಿ ಮಾತ್ರವಲ್ಲದೆ ಒಂದಕ್ಕೊಂದು ತಾಗುವ ಪಕ್ಕಗಳಲ್ಲೂ ಸವೆದಿದ್ದವು. ಮರಳು ಬೆರೆತ ಒರಟು ಆಹಾರವನ್ನು ಅಗಿದು ಅಗಿದು ಹಲ್ಲುಗಳ ಅಗಲವೇ ಕಡಿಮೆಯಾಗಿ, ಹಿಂದಿನ ಹಲ್ಲುಗಳು ಮುಂದಕ್ಕೆ ಸರಿದು, ಬುದ್ಧಿಹಲ್ಲಿಗೂ ಜಾಗ ಸಿಕ್ಕಿತ್ತು. ನಾಗರಿಕ ಮನುಷ್ಯನ ಮೆತ್ತನೆಯ ಊಟದಲ್ಲಿ ಈ ಸವೆತವಿಲ್ಲ. ಪ್ರಕೃತಿ ಸವೆಸಿ ಕಳೆಯುತ್ತಿದ್ದುದನ್ನು ವೈದ್ಯನು ಹಲ್ಲು ಕಿತ್ತು ಕಳೆಯುತ್ತಾನೆ ಎಂದು 1954ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೆಗ್ ವಾದಿಸಿದನು. ಆ್ಯಂಗಲ್ ಪ್ರಕೃತಿಯ ಹೆಸರಿನಲ್ಲಿ ಕೀಳಬೇಡವೆಂದಿದ್ದನು. ಬೆಗ್ ಅದೇ ಪ್ರಕೃತಿಯ ಹೆಸರಿನಲ್ಲಿ ಕೀಳೆಂದನು!

ಇದನ್ನು ಓದುವಾಗ ನನಗೆ ನಮ್ಮ ಕಡೆಯ ಅಜ್ಜಿಯರ ಹಲ್ಲುಗಳು ನೆನಪಾದವು. ಬೀಸುವ ಕಲ್ಲಿನಲ್ಲಿ ರಾಗಿ ಬೀಸುತ್ತಿದ್ದ ಕಾಲ. ಹಿಟ್ಟಿನ ಜೊತೆಗೆ ಕಲ್ಲಿನ ಪುಡಿಯೂ ಅಷ್ಟಿಷ್ಟು ಹೊಟ್ಟೆಗೆ ಹೋಗುತ್ತಿತ್ತು. ಮುದ್ದೆಯನ್ನಂತೂ ಯಾರೂ ಅಗಿಯುವುದಿಲ್ಲ, ನುಂಗುವುದೇ. ಆದರೆ ರೊಟ್ಟಿ, ಹುರಿಗಡಲೆ, ಕಬ್ಬು, ಅವರೆಕಾಳುಗಳಿಗೆ ಹಲ್ಲು ಬೇಕಿತ್ತು. ಹಲ್ಲು ಉಳಿದಿದ್ದ ಮುದುಕಿಯರಲ್ಲಿ ಅವು ಹಲಗೆಯಂತೆ ಸಮವಾಗಿ ಸವೆದಿರುತ್ತಿದ್ದವು. ಬೆಗ್ ಹೇಳಿದ್ದು ಪೂರ್ತಿ ಸರಿಯಲ್ಲವೆಂದು ಮುಂದಿನ ವಿದ್ವಾಂಸರು ತೋರಿಸಿದರು. ಸವೆತ ಬರುವ ಮೊದಲೇ, ಎಳೆಯ ವಯಸ್ಸಿನಲ್ಲಿಯೇ ಹಲ್ಲುಗಳು ಒತ್ತೊತ್ತಾಗುವುದನ್ನು ಅವನ ವಾದ ವಿವರಿಸುವುದಿಲ್ಲ. ಆದರೆ ಆಹಾರಕ್ಕೂ ದವಡೆಗೂ ಸಂಬಂಧವಿದೆಯೆಂಬ ಮಾತು ಉಳಿದುಕೊಂಡಿತು. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚಿನಿ 1980ರ ದಶಕದಲ್ಲಿ ನಮ್ಮ ದೇಶದ ಚಂಡೀಗಢದ ಸುತ್ತಲಿನ ಹಳ್ಳಿಯ ಯುವಕರನ್ನೂ ನಗರದ ಯುವಕರನ್ನೂ ಹೋಲಿಸಿದಾಗ, ಮೆತ್ತನೆಯ ಆಹಾರಕ್ಕೆ ಒಗ್ಗಿದ ನಗರದವರಲ್ಲಿಯೇ ಹಲ್ಲುಗಳ ಏರುಪೇರು ಹೆಚ್ಚಾಗಿ ಕಂಡಿತು. ಬೆಳೆಯುವ ವಯಸ್ಸಿನಲ್ಲಿ ಗಟ್ಟಿಯಾದದ್ದನ್ನು ಅಗಿಯದ ದವಡೆ ಪೂರ್ತಿ ಬೆಳೆಯುವುದಿಲ್ಲವೆಂಬುದು ಅವನ ಅಭಿಪ್ರಾಯ. ಹಾಗೆ ನೋಡಿದರೆ ಬಳಸಿದಂತೆ ಎಲುಬು ಬೆಳೆಯುತ್ತದೆಂದ ಆ್ಯಂಗಲ್ಲನ ಮಾತಿನಲ್ಲೂ ಅರ್ಧ ಸತ್ಯವಿತ್ತು. ಹಲ್ಲಿಗೆ ತಂತಿ ಕಟ್ಟಿ ತಡವಾಗಿ ಅದನ್ನು ಸಾಧಿಸಹೊರಟದ್ದರಲ್ಲಿ ಅವನು ಎಡವಿದನು.

ಈ ವಿದ್ಯೆ ನಮ್ಮ ರಾಜ್ಯಕ್ಕೆ ಬಂದಾಗ ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂಬುದನ್ನು ಈಗ ಊಹಿಸಬಹುದು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಆರಂಭವಾದವು. ಭಾರತದ ವಕ್ರದಂತ ತಜ್ಞರ ಸಂಘ ಹುಟ್ಟಿದ್ದೂ 1965ರಲ್ಲಿಯೇ. 1979ರಲ್ಲಿ ದಾವಣಗೆರೆಯಲ್ಲಿ ಬಾಪೂಜಿ ಕಾಲೇಜು ಬಂದಿತು. ಆಮೇಲಿನ ದಶಕಗಳಲ್ಲಿ ದಂತವೈದ್ಯ ಕಾಲೇಜುಗಳು ಅತಿ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಯಿತು. ಅಡಿಲೇಡಿನ ಬೆಗ್ ರೂಪಿಸಿದ ತೆಳುತಂತಿಯ ವಿಧಾನ ಭಾರತದ ಕಾಲೇಜುಗಳಲ್ಲಿ ಬಹುಕಾಲ ಮುಖ್ಯ ಪಾಠವಾಗಿತ್ತು. ಹಲ್ಲು ಕಿತ್ತು ಆ ಜಾಗವನ್ನು ಬಳಸಿಕೊಳ್ಳುವುದನ್ನು ಲೆಕ್ಕಕ್ಕೆ ಹಿಡಿದೇ ಕಟ್ಟಿದ ವಿಧಾನವದು. ನಮ್ಮ ಹಿರಿಯ ದಂತವೈದ್ಯರು ನಾಲ್ಕು ಹಲ್ಲನ್ನು ಅಷ್ಟು ಸಲೀಸಾಗಿ ತೆಗೆಯಹೇಳುತ್ತಿದ್ದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ. ಕಲಿತ ಪಾಠ ಬೇಗ ಬಿಡುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಅದು ನಮ್ಮ ಮುಖಗಳಿಗೆ ಸಂಬಂಧಿಸಿದ್ದು. ಟ್ವೀಡ್‌ನ ಕಾಲಕ್ಕೆ ಸರಿಯಾಗಿ ಇನ್ನೊಂದು ಬೆಳವಣಿಗೆಯಾಗಿತ್ತು. ತಲೆಯನ್ನು ಅಳ್ಳಾಡದಂತೆ ಹಿಡಿದು ಪಕ್ಕದಿಂದ ಎಕ್ಸ್-ರೇ ತೆಗೆಯುವ ಕ್ರಮವನ್ನು 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೋಫ್ರಾತ್ ಬೇರೆ ಬೇರೆಯಾಗಿ ತೋರಿಸಿಕೊಟ್ಟರು. ಆ ಚಿತ್ರದ ಮೇಲೆ ಗೆರೆ ಎಳೆದು ಕೋನಗಳನ್ನು ಅಳೆದು, ಹಲ್ಲು ಎಷ್ಟು ಮುಂದಿದೆ, ದವಡೆ ಎಷ್ಟು ಹಿಂದಿದೆಯೆಂದು ಹೇಳಬಹುದಾಯಿತು. ಅಳೆಯುವುದೇನೋ ಸರಿ, ಯಾವ ಅಳತೆ ಸರಿಯಾದದ್ದು? 1948ರಲ್ಲಿ ವಿಲಿಯಂ ಡೌನ್ಸ್ ಪ್ರಕಟಿಸಿದ ಪ್ರಮಾಣಗಳು ಜಗತ್ತಿನಾದ್ಯಂತ ಬಳಕೆಗೆ ಬಂದವು. ಅವು ಬಂದದ್ದು ಚೆಲುವಾದ ಹಲ್ಲುಸಾಲಿದ್ದ ಇಪ್ಪತ್ತು ಮಂದಿ ಬಿಳಿಯ ಅಮೆರಿಕನ್ ಹುಡುಗ ಹುಡುಗಿಯರಿಂದ. ಇಪ್ಪತ್ತೇ ಮಂದಿ! ಮುಂದೆ ನಮ್ಮ ದೇಶದ ಕಾಲೇಜುಗಳಲ್ಲಿ ಇಲ್ಲಿನವರ ಮುಖಗಳನ್ನೇ ಅಳೆದಾಗ, ದಕ್ಷಿಣ ಭಾರತೀಯರಲ್ಲಿ ಬಾಚಿಹಲ್ಲುಗಳೂ ತುಟಿಗಳೂ ಬಿಳಿಯರ ಪ್ರಮಾಣಕ್ಕಿಂತ ಸಹಜವಾಗಿಯೇ ಮುಂದಕ್ಕಿರುವುದು ತಿಳಿದುಬಂದಿತು. ಹಾಗಾದರೆ ಅಮೆರಿಕದ ಅಳತೆಕೋಲಿನಿಂದ ಅಳೆದರೆ ಅಲೀಪುರದ ಆರೋಗ್ಯವಂತ ಮುಖವೂ ಉಬ್ಬಿದ್ದೆಂದೇ ತೋರೀತು. ಅಪೊಲೊನ ವಿಗ್ರಹ ಹೋಯಿತು, ಇಪ್ಪತ್ತು ಮಕ್ಕಳ ಸರಾಸರಿ ಆ ಜಾಗದಲ್ಲಿ ಬಂದು ಕುಳಿತಿತು. ಇಂದಿನ ಒಳ್ಳೆಯ ವೈದ್ಯರು ಭಾರತೀಯರ ಪ್ರಮಾಣಗಳನ್ನು ನೋಡುತ್ತಾರೆ, ಅದು ಸಂತೋಷದ ಸಂಗತಿ. ಆದರೆ ಮಗಳ ಮದುವೆಯ ಚಿಂತೆಯಲ್ಲಿ ಬರುವ ತಾಯಿತಂದೆಯರು ತಾವೇ ಕೈಯಲ್ಲಿ ಸಿನಿಮಾ ನಟಿಯ ಚಿತ್ರ ಹಿಡಿದು ಬಂದರೆ ವೈದ್ಯರು ಏನು ಮಾಡಬೇಕು? ತುಟಿ ಮುಚ್ಚಲಾಗದಷ್ಟು ಹಲ್ಲು ಮುಂದೆ ಬಂದಿರುವುದು ಬೇರೆ, ನಮ್ಮ ನಾಡಿನ ಮುಖ ನಮ್ಮ ನಾಡಿನ ಮುಖದಂತೆಯೇ ಇರುವುದು ಬೇರೆ. ಇದನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ.

ಕಥೆ ಮತ್ತೆ ಅಮೆರಿಕಕ್ಕೆ. ಟ್ವೀಡ್ ಗೆದ್ದ ಮೇಲೆ ಲೋಲಕ ಇನ್ನೊಂದು ತುದಿಗೆ ಹೋಯಿತು. ನಾರ್ತ್ ಕೆರೊಲಿನ ವಿಶ್ವವಿದ್ಯಾಲಯದ ವಿಲಿಯಂ ಪ್ರಾಫಿಟ್ ತಮ್ಮ ಆಸ್ಪತ್ರೆಯ ನಲವತ್ತು ವರ್ಷಗಳ ದಾಖಲೆ ತೆಗೆದು 1994ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: 1953ರಲ್ಲಿ ನೂರಕ್ಕೆ 30 ಮಂದಿಗೆ ಹಲ್ಲು ಕೀಳಲಾಗಿತ್ತು, 1968ರಲ್ಲಿ 76 ಮಂದಿಗೆ, 1993ರಲ್ಲಿ ಮತ್ತೆ 28 ಮಂದಿಗೆ. ಈ ನಲವತ್ತು ವರ್ಷಗಳಲ್ಲಿ ಆ ಊರಿನ ಮಕ್ಕಳ ದವಡೆಗಳು ಹಿಗ್ಗಿ ಕುಗ್ಗಿದವೆಂದು ಯಾರೂ ಹೇಳಲಾರರು. ಬದಲಾದದ್ದು ವೈದ್ಯರ ನಂಬಿಕೆ.

ಮತ್ತೆ ಕಡಿಮೆಯಾದದ್ದೇಕೆ? ಒಂದು, ಕಿತ್ತವರ ಹಲ್ಲುಗಳೂ ಮತ್ತೆ ವಕ್ರವಾಗುತ್ತವೆಂಬುದು ಬೆಳಕಿಗೆ ಬಂದಿತು. ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು ಮುಂದವಡೆ ಹಲ್ಲು ತೆಗೆಸಿ ಚಿಕಿತ್ಸೆ ಪಡೆದಿದ್ದ 65 ಮಂದಿಯನ್ನು ಹತ್ತು ವರ್ಷದ ನಂತರ ಪರೀಕ್ಷಿಸಿದರು. ಅವರಲ್ಲಿ ಸುಮಾರು ಮೂರನೆಯ ಎರಡು ಭಾಗದವರ ಕೆಳಗಿನ ಬಾಚಿಹಲ್ಲುಗಳು ತೃಪ್ತಿಕರವಾಗಿರಲಿಲ್ಲ ಎಂಬ ವರದಿ 1981ರಲ್ಲಿ ಬಂದಿತು. ಟ್ವೀಡ್ ಕೊಟ್ಟಿದ್ದ ಶಾಶ್ವತತೆಯ ಭರವಸೆ ಅಲ್ಲಿಗೆ ಸಡಿಲವಾಯಿತು. ಇನ್ನೊಂದು, ನ್ಯಾಯಾಲಯ. ಮುಂದವಡೆ ಹಲ್ಲು ಕೀಳಿಸಿದ್ದರಿಂದ ದವಡೆಯ ಕೀಲಿಗೆ ನೋವು ಬಂದಿತೆಂದು ಮಿಷಿಗನ್ ರಾಜ್ಯದಲ್ಲಿ ರೋಗಿಯೊಬ್ಬರು ಹೂಡಿದ ಮೊಕದ್ದಮೆಯಲ್ಲಿ 1987ರಲ್ಲಿ ದೊಡ್ಡ ಮೊತ್ತದ ಪರಿಹಾರದ ತೀರ್ಪು ಬಂದಿತು. ಹೆದರಿದ ವೈದ್ಯರು ಇಕ್ಕಳವನ್ನು ಕೆಳಗಿಟ್ಟರು. ಆ ಆರೋಪವನ್ನು ಪರೀಕ್ಷಿಸಲೆಂದು ಆಮೇಲೆ ನಡೆದ ಅಧ್ಯಯನಗಳಲ್ಲಿ ಹಲ್ಲು ಕೀಳುವುದಕ್ಕೂ ಕೀಲುನೋವಿಗೂ ಸಂಬಂಧ ಕಂಡುಬರಲಿಲ್ಲ. ಹೆದರಿಕೆಯೇನೋ ಉಳಿಯಿತು.

ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಹತ್ತಿರದ ಉತ್ತರ ಸಿಕ್ಕಿದ್ದು 1992ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ. ಮೇಲಿನ ಹಲ್ಲು ಮುಂದಕ್ಕಿದ್ದ ರೋಗಿಗಳಲ್ಲಿ, ಕೀಳಲೂಬಹುದು, ಕೀಳದೆಯೂ ಇರಬಹುದು ಎಂಬಂಥ ಗಡಿರೇಖೆಯವರನ್ನೇ ಆರಿಸಿದರು. ಕೆಲವರಿಗೆ ಕಿತ್ತು, ಕೆಲವರಿಗೆ ಕೀಳದೆ ಚಿಕಿತ್ಸೆಯಾಗಿದ್ದ ಅಂಥ 63 ಮಂದಿಯನ್ನು, ಚಿಕಿತ್ಸೆ ಮುಗಿದು ಸರಾಸರಿ ಹದಿನಾಲ್ಕೂವರೆ ವರ್ಷವಾದ ಮೇಲೆ ನೋಡಿದರು. ಎರಡು ಗುಂಪಿನವರ ತುಟಿಗಳ ನೆಲೆಯಲ್ಲಿದ್ದ ವ್ಯತ್ಯಾಸ ಸುಮಾರು 2 ಮಿಲಿಮೀಟರ್. ಹಲ್ಲುಗಳು ಮತ್ತೆ ವಕ್ರವಾದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇದನ್ನು ಅವನಿಗೆ ಹೀಗೆ ವಿವರಿಸಿದೆ: ತುಂಬ ಒತ್ತೊತ್ತಾದ ಹಲ್ಲು, ತುಟಿ ಮುಚ್ಚದಷ್ಟು ಉಬ್ಬು ಇದ್ದರೆ ಹೆಚ್ಚಿನ ವೈದ್ಯರು ಕೀಳಬೇಕೆಂದೇ ಹೇಳುತ್ತಾರೆ. ಅಲ್ಪಸ್ವಲ್ಪ ವಕ್ರವಾಗಿದ್ದರೆ ಹೆಚ್ಚಿನವರು ಬೇಡವೆನ್ನುತ್ತಾರೆ. ಇಬ್ಬರು ತಿಳಿದ ವೈದ್ಯರು ಒಂದೇ ಬಾಯನ್ನು ಪರೀಕ್ಷಿಸಿ ಎರಡು ಮಾತು ಹೇಳಿದರೆ, ನಿನ್ನ ಮಗಳು ಬಹುಶಃ ಆ ಗಡಿರೇಖೆಯ ಮೇಲಿದ್ದಾಳೆ. ಯಾವ ದಾರಿ ಹಿಡಿದರೂ ದೊಡ್ಡ ಅನಾಹುತವಿಲ್ಲ. ಕೀಳದೆ ಆರಂಭಿಸಿ ನಡುವೆ ಮನಸ್ಸು ಬದಲಿಸಿದರೆ ಕೀಳಬಹುದು. ಕಿತ್ತದ್ದನ್ನು ಮತ್ತೆ ನೆಡಲಾಗುವುದಿಲ್ಲ, ಅಷ್ಟನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೋ. ಅವನು ಸ್ವಲ್ಪ ಯೋಚಿಸಿ ಹೇಳಿದನು: “ನಮ್ಮ ಕಸುಬಿನಲ್ಲೂ ಹಾಗೆಯೇ ಮೇಷ್ಟ್ರೇ. ಕಲ್ಲು ಉಜ್ಜಿದರೆ ತೂಕ ಹೋಗುತ್ತದೆ, ಉಜ್ಜದಿದ್ದರೆ ಹೊಳಪಿಲ್ಲ. ಕಲ್ಲು ನೋಡದೆ ರೇಟು ಹೇಳುವವನನ್ನು ನಾವು ನಂಬುವುದಿಲ್ಲ.” ಕೊನೆಗೆ ಅವರು ಹಲ್ಲು ಕೀಳಿಸಲಿಲ್ಲ. ಸರಿಯಾಯಿತೋ ತಪ್ಪಾಯಿತೋ ಹೇಳಲು ಇನ್ನೂ ಕಾಲ ಬೇಕು.

ಎರಡು ಮೂರು ಸಣ್ಣ ಮಾತುಗಳು ಉಳಿದಿವೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಅದು ನಿಜವಲ್ಲ. ಹಲ್ಲಿಗೆ ಹೋಗುವ ನರ ಬೇರೆ, ನೋಟದ ನರ ಬೇರೆ. ನಾವು ಕೊಳವೆ ಬಾವಿಯ ನೀರು ಕುಡಿದು ಬೆಳೆದವರು. ಗೌರಿಬಿದನೂರು, ಬಾಗೇಪಲ್ಲಿ ಸುತ್ತಿನ ಅನೇಕ ಕಡೆ ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳನ್ನು ನಾನು ತರಗತಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅಂಥ ಹಲ್ಲಿನ ಹೊರಪದರಕ್ಕೆ ಕ್ಲಿಪ್ಪಿನ ಅಂಟು ಗಟ್ಟಿಯಾಗಿ ಹಿಡಿಯುವುದು ಕಷ್ಟ; ವೈದ್ಯರಿಗೆ ಮೊದಲೇ ಊರಿನ ನೀರಿನ ವಿಷಯ ಹೇಳಿ. ಕೀಳಲೇಬೇಕಾದಾಗಲೂ ನಾಲ್ಕನೆಯದೇ ಆಗಬೇಕೆಂದಿಲ್ಲ. ಪಕ್ಕದಲ್ಲಿ ಹುಳುಕಾದದ್ದೋ ದೊಡ್ಡದಾಗಿ ಸಿಮೆಂಟು ತುಂಬಿದ್ದೋ ಇದ್ದರೆ, ಅನುಕೂಲವಿರುವ ಕಡೆ ವೈದ್ಯರು ಅದನ್ನೇ ತೆಗೆದು ಗಟ್ಟಿಯಾದದ್ದನ್ನು ಉಳಿಸುತ್ತಾರೆ. ‘ಹಲ್ಲು ಕೀಳದೆ ಚಿಕಿತ್ಸೆ’ ಎಂದು ದೊಡ್ಡಕ್ಷರದ ಫಲಕ ಹಾಕಿದವರ ಬಗ್ಗೆ ಸ್ವಲ್ಪ ಎಚ್ಚರವಿರಲಿ. ಅದು 1907ರ ಘೋಷಣೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ದವಡೆ ಚೆಲುವಾಗುತ್ತದೆಂದು ಹುಡುಗರು ಮೊಬೈಲಿನಲ್ಲಿ ನೋಡಿ ಅಭ್ಯಾಸ ಮಾಡುವ ‘ಮ್ಯೂಯಿಂಗ್’ ಕೂಡ ಇಂಗ್ಲೆಂಡಿನ ಜಾನ್ ಮ್ಯೂ ಎಂಬ ದಂತವೈದ್ಯರು ಹಲ್ಲು ಕೀಳುವುದನ್ನು ವಿರೋಧಿಸಿ ಆರಂಭಿಸಿದ ಪಂಥದ ಮರಿಯೇ. ದೊಡ್ಡವರ ಎಲುಬು ಹಾಗೆಲ್ಲ ಸರಿಯುತ್ತದೆಂಬುದಕ್ಕೆ ಆಧಾರವಿಲ್ಲ. ಕೀಳಿಸಿ, ಕೀಳಿಸದಿರಿ, ಚಿಕಿತ್ಸೆ ಮುಗಿದ ಮೇಲೆ ಕೊಡುವ ‘ರಿಟೈನರ್’ ಅನ್ನು ವೈದ್ಯರು ಹೇಳಿದಷ್ಟು ಕಾಲ ಹಾಕಿಕೊಳ್ಳದಿದ್ದರೆ ಹಣವೂ ಎರಡು ವರ್ಷದ ಪಾಡೂ ವ್ಯರ್ಥ. ಸಿಯಾಟಲ್‌ನ ಆ ಬಾಯಿಗಳು ಹೇಳಿದ್ದು ಇದನ್ನೇ.

1911ರ ವಾದ ಪ್ರತಿವಾದವನ್ನು ಅಮೆರಿಕದ ವಕ್ರದಂತ ತಜ್ಞರ ಪತ್ರಿಕೆ 1964ರಲ್ಲಿ ಮತ್ತೊಮ್ಮೆ ಅಚ್ಚು ಹಾಕಿತು. ಕೇಸ್ ಸತ್ತು ನಲವತ್ತೊಂದು ವರ್ಷಗಳಾಗಿದ್ದವು.

ನಿಮ್ಮಲ್ಲಿ 1990ರ ದಶಕದಲ್ಲಿ ಬೆಂಗಳೂರಿಗೆ ಹೋಗಿಬಂದು ಕ್ಲಿಪ್ ಹಾಕಿಸಿಕೊಂಡ ಮೂರ್ನಾಲ್ಕು ಮಂದಿ ನನಗೆ ನೆನಪಿದ್ದಾರೆ. ಪಾಠ ಓದುವಾಗ ಸಕಾರ ಷಕಾರಗಳೆಲ್ಲ ಒಂದೇ ಆಗಿಬಿಡುತ್ತಿತ್ತು, ಹಿಂದಿನ ಬೆಂಚಿನವರು ನಗುತ್ತಿದ್ದರು. ಈಗ ನಿಮಗೆ ನಲವತ್ತು ದಾಟಿರಬೇಕು. ಹಲ್ಲು ಕೀಳಿಸಿದ್ದರೋ ಇಲ್ಲವೋ, ಆಗ ಸಾಲಿಗೆ ಬಂದ ಹಲ್ಲುಗಳು ಈಗ ಹೇಗಿವೆಯೋ, ಬಿಡುವಾದಾಗ ಕನ್ನಡಿ ನೋಡಿ ನನಗೆ ಬರೆದು ತಿಳಿಸಿ.